ಬಹುಮಾನಿತ ಗ್ರಂಥಗಳೂ ಎರೆಸೀಮೆಯ ಬಾಲವಾಚಕರೂ

ಜೋಳ, ಕಡಲೆ, ಹತ್ತಿಗಳನ್ನು ನಂಬಿ ಬಾಳಿದ ರೋಣ ಸೀಮೆಯ ಎರೆನೆಲದಲ್ಲಿ, ಅಸೂಟಿಯಂತಹ ಗ್ರಾಮಗಳಲ್ಲಿ, ಗ್ರಂಥವೆಂಬುದು ಬಹುಕಾಲದವರೆಗೆ ಏಕಾಂತದಲ್ಲಿ ಕಣ್ಣಾಡಿಸುವ ವಸ್ತುವಾಗಿರಲಿಲ್ಲ. ಶ್ರಾವಣಮಾಸದ ಇರುಳುಗಳಲ್ಲಿ ಗುಡಿಯ ಪೌಳಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಒಬ್ಬರು ಪುರಾಣವನ್ನು ರಾಗವಾಗಿ ಓದಲು, ಮತ್ತೊಬ್ಬರು ಅದರ ಅರ್ಥವನ್ನು ವಿಸ್ತರಿಸಲು, ಸುತ್ತ ನೆರೆದ ಒಕ್ಕಲುಮಕ್ಕಳು ಕರ್ಣನ ಪಕ್ಷವನ್ನೋ ಅರ್ಜುನನ ಪಕ್ಷವನ್ನೋ ವಹಿಸಿ ವಾದಕ್ಕಿಳಿಯಲು, ವಾಚನವೂ ವಿಮರ್ಶೆಯೂ ಒಂದೇ ಆಸನದಲ್ಲಿ ಜರುಗಿಹೋಗುತ್ತಿದ್ದುವು. ತಾಯಂದಿರ ಮಡಿಲಲ್ಲಿ ಕುಳಿತ ಮಕ್ಕಳು ಅದನ್ನೆಲ್ಲ ಕೇಳುತ್ತಿದ್ದರು. ಆದರೆ ಅವರ ಅಭಿಪ್ರಾಯವನ್ನು ಕೇಳಬೇಕೆಂದು ಹಿರಿಯರಿಗೆ ತೋರಲಿಲ್ಲ.

ಗ್ರಂಥವನ್ನು ಸನ್ಮಾನಿಸುವ ಸಂಪ್ರದಾಯವೂ ಈ ನೆಲಕ್ಕೆ ಹೊಸದಲ್ಲ. ಇಂದು ರೋಣದಂತೆಯೇ ಗದಗ ಜಿಲ್ಲೆಗೆ ಸೇರಿರುವ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಕವಿಗೆ ಹೊನ್ನನ್ನಿತ್ತು ಕೃತಾರ್ಥಳಾಗದೆ, ಕೃತಿಯನ್ನೇ ಓದುಗರ ಕೈಸೇರಿಸಿದ ಆ ಮಹಾತಾಯಿಯ ವಿವೇಕವು ನನಗೆ ಎಲ್ಲ ಪ್ರಶಸ್ತಿಫಲಕಗಳಿಗಿಂತಲೂ ಹಿರಿದಾಗಿ ಕಾಣುತ್ತದೆ.

ಮುಂಬಯಿ ಇಲಾಖೆಯ ಆಡಳಿತದಲ್ಲಿ, ಮುಲ್ಕಿ ಪರೀಕ್ಷೆಯೇ ಹಳ್ಳಿಯ ವಿದ್ಯೆಯ ಕಡೆಯ ಮೆಟ್ಟಿಲಾಗಿದ್ದಾಗ, ಪಠ್ಯಪುಸ್ತಕದ ಹೊರಗಿನ ಬಾಲಗ್ರಂಥವು ಈ ಭಾಗದ ಹುಡುಗರಿಗೆ ದುರ್ಲಭವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಜನ್ಮತಾಳಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥರಚನೆಗೆ ಪ್ರೋತ್ಸಾಹವಿತ್ತಿತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿಯೇ ಕಥೆ ಕವಿತೆಗಳನ್ನು ರಚಿಸಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಇಂಗ್ಲೆಂಡಿನಲ್ಲಿ ಬಾಲಗ್ರಂಥಗಳಿಗೆ ಮೀಸಲಾದ ಕಾರ್ನೆಗಿ ಪದಕವು ಮೊದಲುಗೊಂಡುದೂ ಅದೇ ವರ್ಷದಲ್ಲಿ.

ನಮ್ಮಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರಕ್ಕೆ 2010ರವರೆಗೆ ಕಾಯಬೇಕಾಯಿತು. ಆ ವರ್ಷ ಕನ್ನಡದ ಪುರಸ್ಕಾರವು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ ಸಂದಿತು. ಅನಂತರ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿಯೂ, ಮಲೆನಾಡಿನ ಸಿದ್ದಾಪುರ ಸೀಮೆಯ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿಯೂ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ 2023ರಲ್ಲಿಯೂ ಗೌರವಿಸಲ್ಪಟ್ಟುವು. ಇವೆಲ್ಲವನ್ನೂ ಆಯ್ದವರು ಪ್ರಾಜ್ಞರಾದ ಹಿರಿಯರು. ಅವರ ಯೋಗ್ಯತೆಯಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೂ ಅಡವಿಯೇ ಕಾಣದ ಬಯಲಿನಲ್ಲಿ ಬೆಳೆದ ಎರೆಸೀಮೆಯ ಬಾಲಿಕೆಯೊಬ್ಬಳು ಮಲೆನಾಡಿನ ಲೇಖಕರ ಪುಸ್ತಕವನ್ನೋದಿ, ಯಾವ ಪುಟದಲ್ಲಿ ಬೆರಗಾದಳು, ಯಾವ ಮಾತು ಅವಳ ಆಡುನುಡಿಗೆ ಎಟುಕದೆ ಹೋಯಿತು, ಎಲ್ಲಿ ಬೇಸತ್ತು ಪುಸ್ತಕವನ್ನು ಮಡಿಚಿಟ್ಟಳು ಎಂಬುದನ್ನು ಯಾವ ತೀರ್ಪುಗಾರರೂ ಊಹಿಸಿ ಹೇಳಲಾರರು. ಕಾರ್ನೆಗಿ ಪದಕದ ಪರಿಶೀಲನೆಯಲ್ಲಿರುವ ಪುಸ್ತಕಗಳನ್ನು ಅಲ್ಲಿನ ಶಾಲೆಗಳ ಮಕ್ಕಳು ಗುಂಪುಗೂಡಿ ಓದಿ ತಮ್ಮ ಅಭಿಪ್ರಾಯಗಳನ್ನು ಪ್ರಕಟಿಸುವ ಪದ್ಧತಿಯು ಈಗ ರೂಢವಾಗಿರುವುದು ಇಂತಹ ಕೊರತೆಯನ್ನು ನೀಗುವ ಯತ್ನವೆಂದೇ ನಾನು ಭಾವಿಸುತ್ತೇನೆ.

ಮಕ್ಕಳ ಇಂತಹ ಓದಿಗೆ ಬೇಕಾದ ನೆಲೆಯು ನಮ್ಮ ಹಳ್ಳಿಗಳಲ್ಲಿ ಇಲ್ಲದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಶ್ರಯಕ್ಕೆ ಬಂದುವು. 2020ರ ‘ಓದುವ ಬೆಳಕು’ ಅಭಿಯಾನದಿಂದ ಆರರಿಂದ ಹದಿನೆಂಟು ವಯಸ್ಸಿನವರೆಗಿನ ಮಕ್ಕಳಿಗೆ ಸದಸ್ಯತ್ವವು ಉಚಿತವಾಗಿ ದೊರೆಯತೊಡಗಿತು. ಆಯಾ ವರ್ಷದ ಪುರಸ್ಕೃತ ಗ್ರಂಥದ ಕೆಲವು ಪ್ರತಿಗಳನ್ನು ಅಲ್ಲಿರಿಸಿ, ಪುರಾಣಶ್ರವಣದ ರೀತಿಯಲ್ಲಿ ಒಬ್ಬ ಬಾಲಕನು ಓದಿ ಉಳಿದವರು ಕೇಳಿ, ಮೆಚ್ಚಿದುದನ್ನೂ ಮೆಚ್ಚದುದನ್ನೂ ಅಂಜದೆ ನುಡಿಯಲು ಅವಕಾಶವಾಗಬೇಕು. ಆ ನುಡಿಗಳನ್ನು ಅವರ ಆಡುಮಾತಿನಲ್ಲಿಯೇ, ತಿದ್ದದೆ, ಬರೆದು ಲೇಖಕರಿಗೂ ಅಕಾಡೆಮಿಗೂ ಕಳುಹಿಸುವ ಹೊಣೆಯನ್ನು ಶಾಲೆಯ ಗುರುಗಳು ವಹಿಸಿಕೊಳ್ಳಬೇಕು.