ಕೊರತೆ ಎಂದು ಹೆಸರಿಟ್ಟವರು ಯಾರು?

ಹೋದ ಶ್ರಾವಣದ ಒಂದು ರಾತ್ರಿ ಹಿರಿಯೂರಿನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಇಪ್ಪತ್ನಾಲ್ಕು ವರ್ಷದವಳು, ಬೆಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ಗಂಡು ಹುಡುಕುತ್ತಿದ್ದಾರೆ. ಅದೂ ಇದೂ ಮಾತಾಡಿದ ಮೇಲೆ ದನಿ ತಗ್ಗಿಸಿ, "ಅಕ್ಕಾ, ನೀನು ಇಂಥದ್ದನ್ನೆಲ್ಲ ಓದ್ತೀಯಲ್ಲ. ಎದೆ ದೊಡ್ಡದು ಮಾಡಿಸ್ಕೊಳ್ಳೋ ಆಪರೇಷನ್ ಸೇಫಾ?" ಎಂದಳು. ನೋಡಲು ಬಂದ ಒಂದು ಮನೆಯವರು "ಹುಡುಗಿ ತೀರಾ ಒಣಕಲು" ಎಂದು ಮಧ್ಯಸ್ಥರ ಹತ್ತಿರ ಹೇಳಿ ಕಳಿಸಿದ್ದರಂತೆ. ಅಷ್ಟರಲ್ಲಿ ಒಂದು ಕ್ಲಿನಿಕ್ ಅವಳ ಮೊಬೈಲಿಗೆ ತಿಂಗಳ ಕಂತಿನ ಲೆಕ್ಕವನ್ನೂ ಕಳಿಸಿತ್ತು.

ನಾನು ಡಾಕ್ಟರಲ್ಲ. ವೈದ್ಯದ ಚರಿತ್ರೆಯಲ್ಲಿ ಹೆಣ್ಣಿನ ದೇಹ ನನ್ನ ಸಂಶೋಧನೆಯ ವಿಷಯ. ಎರಡು ವರ್ಷದಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಓಡಾಡಿ, ಹೆಂಗಸರು ತಮ್ಮ ಮೈಯ ಬಗ್ಗೆ ಆಡುವ ಮಾತುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಜೇಡರ ದಾಸಿಮಯ್ಯನ ವಚನದಲ್ಲಿ ಸಂಕೋಚವಿಲ್ಲದೆ ಬರುವ 'ಮೊಲೆ' ಎಂಬ ಪದ ಈ ಮಾತುಕತೆಗಳಲ್ಲಿ ಬರುವುದೇ ಅಪರೂಪ. ಎಲ್ಲರೂ 'ಎದೆ' ಎನ್ನುತ್ತಾರೆ. ಕ್ಯಾನ್ಸರ್ ಆದರೆ 'ಗಂಟು'. ವಯಸ್ಸಾದವರು ಹಾಲು ಕಟ್ಟಿಕೊಂಡು ಬಾವು ಬಂದದ್ದನ್ನು, ಹಾಲು ಸಾಲದೆ ಕೂಸು ಅತ್ತದ್ದನ್ನು ಹೇಳಿದ್ದಾರೆ. ಸಣ್ಣದಾಗಿರುವುದನ್ನು ಕಾಯಿಲೆ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಹಾಗಾದರೆ ಅದು ಕಾಯಿಲೆಯಾದದ್ದು ಯಾವಾಗ? ತಂಗಿಗೆ ಉತ್ತರ ಹೇಳಲು ನಾನು ಮೊದಲು ಈ ಪ್ರಶ್ನೆಯ ಬೆನ್ನು ಹತ್ತಬೇಕಾಯಿತು.

ಪ್ಲಾಸ್ಟಿಕ್ ಸರ್ಜರಿಯ ಆಧುನಿಕ ಚರಿತ್ರೆ ನಮ್ಮ ಸೀಮೆಗೆ ಹೊರಗಿನದಲ್ಲ. ದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತು. ಅವನ ಮಗ ಟಿಪ್ಪುವಿನ ಕಾಲದಲ್ಲಿ, 1792ಕ್ಕೆ ಮುಗಿದ ಮೈಸೂರು ಯುದ್ಧದಲ್ಲಿ, ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನೊಬ್ಬ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಹೆಸರು ಕಾವಸ್ಜಿ. ಮುಂದೆ ಪುಣೆಯ ಕಡೆಯ ಒಬ್ಬ ಕುಶಲಿ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಆ ಸುದ್ದಿ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಇಲ್ಲಿ ಕಳೆದುಹೋದದ್ದು ಏನೆಂದು ಎಲ್ಲರಿಗೂ ಕಾಣುತ್ತಿತ್ತು. ಕಟ್ಟಿಕೊಟ್ಟದ್ದು ಅದನ್ನೇ.

ಸ್ತನದ ಚರಿತ್ರೆ ಶುರುವಾದದ್ದೂ ಹೀಗೆಯೇ. ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯ ವಿನ್ಸೆಂಟ್ಸ್ ಚೆರ್ನಿ ಒಬ್ಬ ಕಲಾವಿದೆಯ ಸ್ತನದಿಂದ ಗಡ್ಡೆ ತೆಗೆದು, ಖಾಲಿಯಾದ ಜಾಗವನ್ನು ಆಕೆಯದೇ ಮೈಯ ಕೊಬ್ಬಿನ ಗಂಟಿನಿಂದ ತುಂಬಿದ ವರದಿ 1895ರಲ್ಲಿ ಪ್ರಕಟವಾಯಿತು. ಆಮೇಲೆ ದಾರಿ ಬದಲಾಯಿತು. 1899ರ ಹೊತ್ತಿಗೆ ವಿಯೆನ್ನಾದಲ್ಲಿ ದೇಹದೊಳಕ್ಕೆ ಪ್ಯಾರಫಿನ್ ಚುಚ್ಚುವ ಪದ್ಧತಿ ಬಂತು. ಅದು ಗಟ್ಟಿಯಾಗಿ ಗಂಟುಕಟ್ಟಿತು, ಜಾಗ ಬಿಟ್ಟು ಸರಿಯಿತು, ಹುಣ್ಣಾಯಿತು. ಎರಡನೆಯ ಮಹಾಯುದ್ಧದ ನಂತರ ದ್ರವರೂಪದ ಸಿಲಿಕೋನ್ ಚುಚ್ಚಿಸಿಕೊಂಡ ಹೆಂಗಸರಿಗೂ ಇಂಥದ್ದೇ ಪಾಡು.

ಇವತ್ತು ಬಳಸುವ ಸಿಲಿಕೋನ್ ಚೀಲ ಮೊದಲು ಒಬ್ಬ ಹೆಂಗಸಿನ ಎದೆಯೊಳಗೆ ಹೋದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ವೈದ್ಯರು ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೊ. ಆರು ಮಕ್ಕಳ ತಾಯಿ ಟಿಮ್ಮಿ ಜೀನ್ ಲಿಂಡ್ಸಿ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಈ ಪ್ರಯೋಗಕ್ಕೆ ಒಪ್ಪುತ್ತೀಯಾ ಎಂದು ವೈದ್ಯರೇ ಕೇಳಿದರು. ಆಕೆಗೆ ಬೇಕಿದ್ದದ್ದು ಚಾಚಿಕೊಂಡಿದ್ದ ಕಿವಿಗಳನ್ನು ಸರಿಪಡಿಸಿಕೊಳ್ಳುವುದು. ಅದನ್ನೂ ಮಾಡಿಕೊಡುತ್ತೇವೆ ಎಂದಾಗ ಒಪ್ಪಿದಳು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಆ ಮೊದಲ ಹೆಂಗಸು ಅದನ್ನು ಕೇಳಿಯೇ ಇರಲಿಲ್ಲ!

ಇಪ್ಪತ್ತು ವರ್ಷದ ನಂತರ, 1982ರಲ್ಲಿ, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಒಂದು ಮನವಿ ಕೊಟ್ಟಿತು. ಸಣ್ಣ ಸ್ತನವನ್ನು ಅಂಗವಿಕಾರವೆಂದೂ ಅದು ನಿಜದಲ್ಲಿ ಒಂದು ಕಾಯಿಲೆಯೆಂದೂ ಅದರಲ್ಲಿ ವಾದವಿತ್ತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಮೊದಲು ಮದ್ದು ತಯಾರಾಯಿತು, ರೋಗದ ಹೆಸರು ಆಮೇಲೆ ಬಂತು.

ಹಾಗೆಂದು ಇದೆಲ್ಲ ಮೋಸ ಎಂದು ತಂಗಿಗೆ ಹೇಳಿಬಿಡಲು ಆಗಲಿಲ್ಲ. ಕಾರಣ ಹೊಸದುರ್ಗದ ನಮ್ಮ ಸೋದರತ್ತೆ. ಎಂಟು ವರ್ಷದ ಹಿಂದೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರಿಗಾಗಿ ಅತ್ತೆಯ ಒಂದು ಕಡೆಯ ಸ್ತನ ತೆಗೆದರು. ಜೀವ ಉಳಿಯಿತು. ತೋಟದ ಕೆಲಸಕ್ಕೆ ಹಳೆ ಬಟ್ಟೆಯ ಸುರುಳಿ, ಮದುವೆಮನೆಗೆ ಹೋಗುವಾಗ ಹತ್ತಿ ತುಂಬಿ ಹೊಲಿದ ಮೆತ್ತೆ, ಹೀಗೆ ರವಿಕೆಯೊಳಗೆ ಇಟ್ಟುಕೊಳ್ಳುತ್ತಾರೆ. ಒಮ್ಮೆ ಕೊಬ್ಬರಿ ಆರಹಾಕುತ್ತಾ, "ಊಟಕ್ಕೆ ಬಡಿಸೋಕೆ ಬಗ್ಗಿದಾಗ ಅದೆಲ್ಲಿ ಜಾರುತ್ತೋ ಅಂತ ಜೀವ ಹೊಡ್ಕೊಳ್ತದೆ ಕಣವ್ವ" ಎಂದಿದ್ದರು. ಮತ್ತೆ ಸ್ತನ ಕಟ್ಟುವ ಶಸ್ತ್ರಚಿಕಿತ್ಸೆ ಇದೆ ಎಂದು ಅವರಿಗೆ ತಿಳಿದದ್ದು ನನ್ನಿಂದ, ತೀರಾ ತಡವಾಗಿ. 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಸ್ತನದ ಇಂಪ್ಲಾಂಟನ್ನು ಉಚಿತವಾಗಿ ಕೊಡಲು ಹೊರಟಾಗ, ಬಡವರ ದುಡ್ಡಿನಲ್ಲಿ ಸೌಂದರ್ಯವೇ ಎಂದು ಟೀಕೆ ಬಂತು. ಅತ್ತೆಯ ಆ ಮಾತು ಕೇಳಿದ ಮೇಲೆ ಆ ಟೀಕೆ ನನಗೆ ಅಷ್ಟು ಸುಲಭದ್ದಾಗಿ ಕಾಣುವುದಿಲ್ಲ.

ಆದ್ದರಿಂದ ತಂಗಿಗೆ ಬೇಕು, ಬೇಡ ಎನ್ನುವುದನ್ನು ಬಿಟ್ಟು, ಚರಿತ್ರೆ ಕಲಿಸಿದ್ದನ್ನು ಹೇಳಿದೆ.

ಇಂಪ್ಲಾಂಟ್ ಜೀವಮಾನಕ್ಕೆ ಒಂದೇ ಸಲದ್ದಲ್ಲ. ಅದರ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಬಿಗಿದು ಎದೆ ಕಲ್ಲಿನಂತಾಗಬಹುದು, ನೋಯಬಹುದು. ಚೀಲ ಒಡೆಯಬಹುದು. ಸಿಲಿಕೋನ್ ಚೀಲ ಒಳಗೊಳಗೇ ಒಡೆದರೆ ಗೊತ್ತೇ ಆಗದಿರಬಹುದು. ಅದಕ್ಕೇ ಐದಾರು ವರ್ಷಕ್ಕೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಎಂದು ಎಫ್‌ಡಿಎ ಹೇಳುತ್ತದೆ. ಕ್ಲಿನಿಕ್ಕಿನ ಕಂತಿನ ಲೆಕ್ಕದಲ್ಲಿ ಈ ಸ್ಕ್ಯಾನುಗಳ ಖರ್ಚೂ ಇರಲಿಲ್ಲ, ಮತ್ತೊಂದು ಆಪರೇಷನ್ನಿನ ಖರ್ಚೂ ಇರಲಿಲ್ಲ.

ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು. ಮುಂದೆ ಮಗುವಿಗೆ ಹಾಲೂಡಿಸಲು ತೊಡಕಾಗಬಹುದು. ಗಾಯ ಎಲ್ಲಿ ಮಾಡುತ್ತಾರೆ ಎನ್ನುವುದರ ಮೇಲೂ ಅದು ನಿಲ್ಲುತ್ತದೆ. ಬಸುರಿ, ಬಾಣಂತನದಲ್ಲಿ ಎದೆಯ ಆಕಾರ ಹೇಗೂ ಬದಲಾಗುತ್ತದೆ. ಮ್ಯಾಮೊಗ್ರಾಂ ಮಾಡಿಸುವಾಗ ಒಳಗೆ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಗಂಟು ಮರೆಯಾಗಿ ಉಳಿಯಬಹುದು. ಮನೆಯಲ್ಲಿ ಅತ್ತೆಗೆ ಕ್ಯಾನ್ಸರ್ ಆಗಿರುವ ನಮಗೆ ಇದು ಸಣ್ಣ ಮಾತಲ್ಲ.

ಯಾವ ಕಂಪನಿಯದು, ಹೊರಮೈ ನುಣುಪೋ ಒರಟೋ ಎಂದು ಕೇಳಬೇಕು. ಫ್ರಾನ್ಸಿನ ಪಿಐಪಿ ಕಂಪನಿ ದೇಹಕ್ಕೆ ಯೋಗ್ಯವಲ್ಲದ ಕೈಗಾರಿಕೆಯ ಸಿಲಿಕೋನ್ ತುಂಬಿ ದೇಶದೇಶಕ್ಕೆ ಮಾರಿದ್ದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲುಶಿಕ್ಷೆ ಆಯಿತು. ಒರಟು ಮೈಯ ಇಂಪ್ಲಾಂಟುಗಳಿಗೂ ಒಂದು ಅಪರೂಪದ ಲಿಂಫೋಮಾಕ್ಕೂ ನಂಟು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ಅಂಥ ಮಾಲನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. 2021ರಿಂದ ಅಮೆರಿಕದಲ್ಲಿ ಆಪರೇಷನ್ನಿಗೆ ಮುಂಚೆ ಅಪಾಯಗಳ ಪಟ್ಟಿಯನ್ನು ರೋಗಿಯ ಜೊತೆ ಕೂತು ಓದಿ ಸಹಿ ಹಾಕಿಸಿಕೊಳ್ಳಬೇಕು. ಹೊಸದುರ್ಗದಲ್ಲಿ ಕೂತವಳೂ ಅದೇ ಪ್ರಶ್ನೆಗಳನ್ನು ಕೇಳಬಹುದು. ಇಂಪ್ಲಾಂಟಿನ ನಂಬರ್ ಇರುವ ಕಾರ್ಡನ್ನು ಕೈಗೆ ಕೇಳಿ ಪಡೆಯಬೇಕು.

ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರೇ? ಹೆಚ್ಚುಕಮ್ಮಿಯಾದರೆ ಅಲ್ಲಿ ಐಸಿಯು ಇದೆಯೇ? ಅರಿವಳಿಕೆ ಕೊಡುವವರು ಯಾರು? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆಯ ಎಳೆಯ ನಟಿಯೊಬ್ಬರು ಜೀವ ಕಳೆದುಕೊಂಡ ಸುದ್ದಿಯನ್ನು ಅವಳಿಗೆ ನೆನಪಿಸಿದೆ. ಶಸ್ತ್ರಚಿಕಿತ್ಸೆ ಬೇರೆ, ಆದರೆ ಈ ಪ್ರಶ್ನೆಗಳು ಅವೇ.

ಅವಳು ಎಲ್ಲವನ್ನೂ ಬರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಕೌಂಟರಿನಲ್ಲಿದ್ದ ಹುಡುಗಿ ಉತ್ತರವಾಗಿ ಈ ತಿಂಗಳ ರಿಯಾಯಿತಿ ಹೇಳಿದಳಂತೆ.

ದಸರೆಗೆ ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ತಂಗಿ ಅತ್ತೆಯ ಪಕ್ಕ ಕೂತು ಮೆಲ್ಲಗೆ ವಿಷಯ ತೆಗೆದಳು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೇ ಬೇಕಾ, ನೋಡೋಕೆ ಬಂದೋರಿಗೆ ಬೇಕಾ?" ಎಂದರು. ತಂಗಿ ಉತ್ತರ ಕೊಡಲಿಲ್ಲ.

ಊರಿಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು: "ಇನ್ನೂ ಗೊತ್ತಾಗ್ತಿಲ್ಲ ಅಕ್ಕಾ. ಹೋದ್ರೆ ಬೇರೆ ಡಾಕ್ಟರ ಹತ್ರ ಹೋಗ್ತೀನಿ. ಅವತ್ತು ನೀನೂ ಬರ್ತೀಯಾ?"

ಬರುತ್ತೇನೆ ಎಂದೆ. ಅತ್ತೆಯನ್ನೂ ಕರೆದುಕೊಂಡು ಹೋಗಬೇಕು, ಅವರಿಗೂ ಕೇಳುವುದು ಇರಬಹುದು ಎಂದು ಹೊಳೆದದ್ದು ಬಸ್ಸು ಹೋದ ಮೇಲೆ.