ವಿಮಾನಪುರದಿಂದ ಸೋಮನಹಳ್ಳಿಗೆ

ನಮ್ಮ ಅಜ್ಜಿಗೆ ವಿಮಾನ ನಿಲ್ದಾಣ ಅಂದರೆ ಇವತ್ತಿಗೂ ಎಚ್‌ಎಎಲ್. ದೇವನಹಳ್ಳಿಯಿಂದ ವಿಮಾನ ಹಾರಲು ಶುರುವಾಗಿ ಹದಿನೇಳು ವರ್ಷ ದಾಟಿದರೂ, ಮಾವ ಅಮೆರಿಕದಿಂದ ಬರುತ್ತಾನೆ ಅಂದಾಗಲೆಲ್ಲ ‘ಎಷ್ಟೊತ್ತಿಗೆ ಎಚ್‌ಎಎಲ್‌ನಲ್ಲಿ ಇಳೀತಾನಂತೆ?’ ಎಂದೇ ಕೇಳುತ್ತಾರೆ. 2006ರಲ್ಲಿ ಮಾವ ಮೊದಲ ಸಲ ಹೊರಟಾಗ ಜಯನಗರದಿಂದ ಎರಡು ಕಾರುಗಳಲ್ಲಿ ಹನ್ನೊಂದು ಜನ ಬೀಳ್ಕೊಡಲು ಹೋಗಿದ್ದೆವು. 2009ರಲ್ಲಿ ಮತ್ತೆ ಹೊರಟಾಗ ಮನೆಯ ಗೇಟಿನ ಹತ್ತಿರವೇ ಕೈಬೀಸಿದ್ದಾಯಿತು. ಹನ್ನೆರಡು ಹದಿಮೂರು ಕಿಲೋಮೀಟರಿನ ದಾರಿ ನಲವತ್ತು ದಾಟಿತ್ತು. ಒಂದು ಊರಿನ ವಿಮಾನ ನಿಲ್ದಾಣ ಸ್ಥಳ ಬದಲಿಸಿದರೆ ಬೀಳ್ಕೊಡುವ ಕ್ರಮವೂ ಬದಲಾಗುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಈಗ ನಮ್ಮ ಕಡೆಯ ಬಡಾವಣೆಗಳಲ್ಲಿ ಹೊಸ ಮಾತು ಎದ್ದಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆಂದು ರಾಜ್ಯ ಸರ್ಕಾರ ಮುಂದಿಟ್ಟ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ: ಚೂಡಹಳ್ಳಿ ಮತ್ತು ಸೋಮನಹಳ್ಳಿ. ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯದು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ತಂಡ ಬಂದು ಮೂರನ್ನೂ ನೋಡಿಕೊಂಡು ಹೋಯಿತು. ಅಂದಿನಿಂದ ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಯಾರನ್ನು ಮಾತಾಡಿಸಿದರೂ ‘ಹತ್ತಿರ ಆಗತ್ತೆ ಬಿಡಿ’ ಎನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಈ ‘ಹತ್ತಿರ’ ಎಂಬ ಪದದ ಮೇಲೆಯೇ ಅನುಮಾನ. ಈ ಊರಿನಲ್ಲಿ ವಿಮಾನ ನಿಲ್ದಾಣ ಯಾವತ್ತಾದರೂ ಪ್ರಯಾಣಿಕರಿಗೆ ಹತ್ತಿರವಾಗಲಿ ಎಂದು ಬಂದಿತ್ತೇ?

ಎಚ್‌ಎಎಲ್ ಬಂದದ್ದು ಯುದ್ಧಕ್ಕಾಗಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಅಮೆರಿಕದ ವಿಲಿಯಂ ಪಾಲಿ ಪ್ರಯಾಣದ ನಡುವೆ ಭೇಟಿಯಾದದ್ದು, ಭಾರತದಲ್ಲೇ ವಿಮಾನ ಕಟ್ಟುವ ಯೋಚನೆ ಅಲ್ಲಿಂದ ಮೊಳೆತದ್ದು ಹಲವರು ಬಲ್ಲ ಕಥೆ. ಬಂಡವಾಳ ಮತ್ತು ಭೂಮಿಗಾಗಿ ವಾಲ್‌ಚಂದ್ ಬೇರೆ ಸಂಸ್ಥಾನಗಳ ಬಾಗಿಲನ್ನೂ ತಟ್ಟಿದ್ದರು. ಕೈ ಚಾಚಿದ್ದು ಮೈಸೂರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನ ಬೆಂಗಳೂರಿನ ಪೂರ್ವಕ್ಕೆ ಸುಮಾರು 700 ಎಕರೆ ಕೊಟ್ಟು, ಪಾಲುದಾರನೂ ಆಯಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಮರುವರ್ಷ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧದಲ್ಲಿ ಜರ್ಜರಿತವಾದ ವಿಮಾನಗಳು ಇಲ್ಲಿಗೆ ದುರಸ್ತಿಗೆ ಬರತೊಡಗಿದವು.

ಕಾರ್ಖಾನೆಯ ಸುತ್ತಲಿನ ಜಾಗಕ್ಕೆ ವಿಮಾನಪುರ ಎಂದು ಹೆಸರಾಯಿತು. ನಮ್ಮ ಹಳ್ಳಿಗಳ ಹೆಸರು ಸಾಮಾನ್ಯವಾಗಿ ಒಂದು ಕೆರೆಯಿಂದಲೋ ಮರದಿಂದಲೋ ದೇವರಿಂದಲೋ ಬರುತ್ತದೆ. ಯಂತ್ರದಿಂದ ಬಂದ ಊರ ಹೆಸರು ಅಪರೂಪವೇ ಸರಿ. ನನ್ನ ಸಂಶೋಧನೆ ಊರ ಹೆಸರುಗಳ ಮೇಲೆ ನಡೆಯುತ್ತಿರುವುದರಿಂದ ಇಂಥ ಕಡೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಯಾವ ವಿಮಾನ ಯಾವಾಗ ಹಾರಿತು ಎಂಬುದು ಇಲ್ಲಿ ತಾರೀಖಿನ ಸಮೇತ ಸಿಗುತ್ತದೆ: 1961ರ ಜೂನ್ 17ರಂದು ಮಾರುತ್, 2001ರ ಜನವರಿ 4ರಂದು ಮುಂದೆ ತೇಜಸ್ ಎನಿಸಿದ ಹಗುರ ಯುದ್ಧವಿಮಾನ. ಆ 700 ಎಕರೆಯಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದವರು ಯಾರು ಎಂದು ಕೇಳಿ ನೋಡಿ, ನಾನು ಓದಿದ ಯಾವ ಕಂಪನಿ ಚರಿತ್ರೆಯೂ ಅವರ ಬಗ್ಗೆ ಒಂದು ಪುಟ ಕೊಡುವುದಿಲ್ಲ.

ಪ್ರಯಾಣಿಕರು ಆ ರನ್‌ವೇಗೆ ಆಮೇಲೆ ಬಂದ ನೆಂಟರು. ಊರು ಬೆಳೆಯುತ್ತ ಬೆಳೆಯುತ್ತ ರನ್‌ವೇಯನ್ನು ಸುತ್ತುವರಿಯಿತು. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ರನ್‌ವೇ ಮುಟ್ಟುವ ಮುನ್ನವೇ ಗಾಲ್ಫ್ ಮೈದಾನದ ಬಳಿ ನೆಲಕ್ಕಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಅದು ಆಗಷ್ಟೇ ಬಂದಿದ್ದ ಏರ್‌ಬಸ್ ಎ320. ಮನೆಯ ಹಿರಿಯರು ಈಗಲೂ ಆ ದಿನವನ್ನು ನೆನೆದು ದನಿ ತಗ್ಗಿಸುತ್ತಾರೆ.

ಮರುವರ್ಷವೇ ಹೊಸ ಜಾಗದ ಹುಡುಕಾಟ ಶುರುವಾಗಿ, ಅದು ದೇವನಹಳ್ಳಿಯಲ್ಲಿ ನಿಂತಿತು. ಟಾಟಾ ಜೊತೆಗಿದ್ದ ಒಂದು ಒಕ್ಕೂಟ ಬಂದು, ಅನುಮತಿಗಳ ವಿಳಂಬಕ್ಕೆ ಬೇಸತ್ತು 1998ರಲ್ಲಿ ಹಿಂದೆ ಸರಿಯಿತು. ಆಮೇಲೆ ಸೀಮೆನ್ಸ್, ಜ್ಯೂರಿಕ್, ಎಲ್ ಅಂಡ್ ಟಿ ಬಂದವು. 2004ರ ಒಪ್ಪಂದದಲ್ಲಿ ಒಂದು ಷರತ್ತು ಸೇರಿತು: ಹೊಸ ನಿಲ್ದಾಣ ತೆರೆದು 25 ವರ್ಷ ತುಂಬುವವರೆಗೆ 150 ಕಿಲೋಮೀಟರ್ ಸುತ್ತಳತೆಯಲ್ಲಿ, ಮೈಸೂರು ಮತ್ತು ಹಾಸನ ಬಿಟ್ಟು, ಇನ್ನೊಂದು ನಿಲ್ದಾಣ ಬರಕೂಡದು. ಖಾಸಗಿಯವರು ಹಣ ಹೂಡಬೇಕಾದರೆ ಇಂಥ ಭರವಸೆ ಕೇಳುವುದು ಸಹಜವೇ. ಆದರೆ ಒಂದು ನಗರದ ಕಾಲು ಶತಮಾನದ ಭೂಗೋಳ ಒಂದು ಷರತ್ತಿನ ಸಾಲಿನಲ್ಲಿ ತೀರ್ಮಾನವಾಯಿತು. 2008ರ ಮಾರ್ಚ್‌ನಲ್ಲಿ ಪ್ರಾಧಿಕಾರದ ನೌಕರರು ಬೆಂಗಳೂರು ಮತ್ತು ಹೈದರಾಬಾದಿನ ಹಳೆಯ ನಿಲ್ದಾಣಗಳನ್ನು ಮುಚ್ಚಬೇಡಿ ಎಂದು ದೇಶಾದ್ಯಂತ ಮುಷ್ಕರ ಹೂಡಿದರು. ಎಚ್‌ಎಎಲ್ ಉಳಿಯಲಿ ಎಂದು ನಾಗರಿಕರೂ ದನಿ ಎತ್ತಿದರು. ಮೇ 24ರಿಂದ ದೇವನಹಳ್ಳಿ ಶುರುವಾಯಿತು. ಎಚ್‌ಎಎಲ್ ಮತ್ತೆ ತಾನು ಹುಟ್ಟಿದ ಕೆಲಸಕ್ಕೆ, ಕಾರ್ಖಾನೆಯ ರನ್‌ವೇ ಆಗಲು, ಮರಳಿತು.

ಆ ಷರತ್ತಿನ ಅವಧಿ ಮುಗಿಯುವುದು 2033ಕ್ಕೆ. ಕೆಂಪೇಗೌಡ ನಿಲ್ದಾಣದಲ್ಲಿ 2024–25ರಲ್ಲಿ 4 ಕೋಟಿಗೂ ಹೆಚ್ಚು ಜನ ಓಡಾಡಿದ್ದಾರೆ. ಕನಕಪುರ ರಸ್ತೆಯ ಮಾತು ಈಗ ಏಳುವುದಕ್ಕೆ ಇವೆರಡೂ ಕಾರಣ.

ಇಷ್ಟೊಂದು ನೆಲ ಯಾಕೆ ಬೇಕು ಎಂದು ಸ್ನೇಹಿತರು ಕೇಳುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಬೇಸಗೆಯ ಮಧ್ಯಾಹ್ನ ಇನ್ನೂ ತೆಳು. ಇಂಧನ ತುಂಬಿಕೊಂಡ ದೊಡ್ಡ ವಿಮಾನ ರೆಕ್ಕೆಗೆ ಬೇಕಾದ ಬಲ ಸಿಗುವ ಹೊತ್ತಿಗೆ ಹೆಚ್ಚು ದೂರ ಓಡಿರಬೇಕು. ದೇವನಹಳ್ಳಿಯ ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದ ಇವೆ. ನಮ್ಮಲ್ಲಿ ಗಾಳಿ ಹೆಚ್ಚಾಗಿ ಪೂರ್ವ–ಪಶ್ಚಿಮವಾಗಿ ಬೀಸುವುದರಿಂದ ಎಚ್‌ಎಎಲ್‌ನ ರನ್‌ವೇಯೂ ದೇವನಹಳ್ಳಿಯವೂ ಅದೇ ದಿಕ್ಕಿಗೆ ಮಲಗಿವೆ. ರನ್‌ವೇ ತುದಿಯಲ್ಲಿ ಬರೆದಿರುವ 09 ಮತ್ತು 27 ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳು, ಕೊನೆಯ ಸೊನ್ನೆ ಬಿಟ್ಟಿದ್ದಾರೆ ಅಷ್ಟೆ. ಎರಡು ರನ್‌ವೇಗಳಲ್ಲಿ ಏಕಕಾಲಕ್ಕೆ ವಿಮಾನ ಇಳಿಯಬೇಕಾದರೆ ನಡುವೆ ಸಾಕಷ್ಟು ಅಂತರ ಬಿಡಬೇಕು. ಲೆಕ್ಕ ಹಾಕುತ್ತ ಹೋದರೆ 5,000 ಎಕರೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸೋಮನಹಳ್ಳಿ ಕಡೆ ಅದರ ಜೊತೆಗೆ ಗುಡ್ಡಗಳಿವೆ, ಪಕ್ಕದಲ್ಲೇ ಬನ್ನೇರುಘಟ್ಟದ ಕಾಡಿದೆ.

ದೇವನಹಳ್ಳಿಯ ಕಥೆ ನಿಲ್ದಾಣಕ್ಕೇ ಮುಗಿಯಲಿಲ್ಲ. ಏರೋಸ್ಪೇಸ್ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ, 2022ರಿಂದ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. 1940ರವರಿಗೆ ಸಿಗದ ಪುಟ ಇವರಿಗೆ ಸಿಕ್ಕಿತು. ಕೂತು ಪಡೆದುಕೊಂಡರು ಎನ್ನಬೇಕು.

ಇದನ್ನೆಲ್ಲ ಬರೆಯುವ ನಾನು ಕೂತಿರುವುದಾದರೂ ಎಲ್ಲಿ? 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ ಜಯನಗರದಲ್ಲಿ. ಆ ಹೊತ್ತಿಗೆ ಇಲ್ಲಿ ಸಿದ್ಧಾಪುರ, ಯಡಿಯೂರು, ಭೈರಸಂದ್ರ ಇದ್ದವು. ಪಕ್ಕದ ಬಿಟಿಎಂ ಲೇಔಟಿನಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಉಳಿದಿವೆ. ನಮ್ಮ ಮನೆಯ ಹಳೆಯ ಪತ್ರದಲ್ಲಿ ಒಂದು ಸರ್ವೆ ನಂಬರಿದೆ. ಅದು ಯಾರ ಹೊಲವಾಗಿತ್ತು ಎಂದು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ, ನಾನೂ ಸೇರಿ.

ಹೋದ ತಿಂಗಳು ಬನಶಂಕರಿಯಿಂದ ಬಸ್ ಹತ್ತಿ ಸೋಮನಹಳ್ಳಿಗೆ ಹೋಗಿದ್ದೆ. ಮೆಟ್ರೋದ ಕೊನೆಯ ನಿಲ್ದಾಣ ರೇಷ್ಮೆ ಸಂಸ್ಥೆ ದಾಟಿದ ಮೇಲೂ ಬಹಳ ದೂರ ಅಪಾರ್ಟ್‌ಮೆಂಟುಗಳ ಬೋರ್ಡುಗಳೇ. ಟೀ ಅಂಗಡಿಯ ಮುಂದೆ ನೋಟ್‌ಬುಕ್ ತೆಗೆದದ್ದೇ ತಡ, ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಕೇಳಿದರು:

‘ಸರ್ವೆಯೋರಾ ಮೇಡಂ?’

‘ಇಲ್ಲ ಅಜ್ಜ, ಓದ್ತಾ ಇದ್ದೀನಿ. ಇತಿಹಾಸ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾದ್ರೆ ಇದ್ನ ಬರ್ಕೊಳವ್ವ,’ ಎಂದು ತಮ್ಮ ಹೊಲದ ಸರ್ವೆ ನಂಬರು ಹೇಳಿದರು, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸಮೇತ. ಪೂರ್ವಕ್ಕೆ ತಮ್ಮನ ಜಮೀನು, ಪಶ್ಚಿಮಕ್ಕೆ ಹಳ್ಳ. ಬರೆದುಕೊಂಡೆ.