ಸಿಡಿಲುಗಲ್ಲಿನ ಕುಲಗೋತ್ರ

ಅಂಗೈಯಷ್ಟು ಉದ್ದದ ಒಂದು ಕರಿಯ ಕಲ್ಲು. ಒಂದು ತುದಿ ಮೊನಚು; ಇನ್ನೊಂದು ತುದಿ ಅಗಲವಾಗಿ, ಬಿಲ್ಲಿನಂತೆ ಬಾಗಿದೆ. ಆ ಅಂಚಿನ ಮೇಲೆ ಬೆರಳಾಡಿಸಿದರೆ ಕನ್ನಡಿಯ ನುಣುಪು. ಇಂಥ ಕಲ್ಲು ಹೊಲದ ಬದುವಿನಲ್ಲಿ ಬಿದ್ದಿರುವುದನ್ನೋ, ಊರಾಚೆಯ ಮರದ ಕಟ್ಟೆಯ ಮೇಲೆ ಅರಿಸಿನ ಕುಂಕುಮ ಧರಿಸಿ ಕುಳಿತಿರುವುದನ್ನೋ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ನಮ್ಮ ಅಜ್ಜಿ ಅದನ್ನು 'ಸಿಡಿಲುಗಲ್ಲು' ಎನ್ನುತ್ತಿದ್ದರು. ಸಿಡಿಲು ಎರಗಿದ ಕಡೆ ಅದು ನೆಲದೊಳಕ್ಕೆ ಇಳಿಯುತ್ತದಂತೆ. ಅದನ್ನು ಇಟ್ಟುಕೊಂಡ ಮನೆಯ ತಂಟೆಗೆ ಸಿಡಿಲು ಮತ್ತೆ ಬರುವುದಿಲ್ಲವಂತೆ.

ಅಜ್ಜಿಯ ಮಾತೆಂದು ನಗಬೇಡಿ. ಯೂರೋಪಿನ ರೈತರೂ ನೂರಾರು ವರ್ಷ ಇದನ್ನೇ ನಂಬಿ, ಇಂಥ ಕಲ್ಲುಗಳನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದರು. ನಂಬಿಕೆಗೆ ಕಾರಣವೂ ಉಂಟು. ಗುಡುಗು ಸಿಡಿಲಿನ ದೊಡ್ಡ ಮಳೆ ಬಿದ್ದು ಮೇಲುಮಣ್ಣು ಕೊಚ್ಚಿಹೋದ ಮರುದಿನವೇ ಅಲ್ಲವೆ ಈ ಕಲ್ಲು ಹೊಲದಲ್ಲಿ ಕಣ್ಣಿಗೆ ಬೀಳುವುದು! ಕಂಡದ್ದು ನಿಜ, ಕಟ್ಟಿದ ಕಾರಣ ಮಾತ್ರ ತಪ್ಪು.

ಇದು ಆಕಾಶದಿಂದ ಬಿದ್ದದ್ದಲ್ಲ, ಕಬ್ಬಿಣವನ್ನರಿಯದ ಮನುಷ್ಯನ ಕೈಗೆಲಸ ಎಂದು ಹದಿನಾರನೆಯ ಶತಮಾನದಲ್ಲಿಯೇ ವಾದಿಸಿದವನು ರೋಮಿನಲ್ಲಿ ಪೋಪರ ವೈದ್ಯನಾಗಿದ್ದ ಮಿಕೇಲೆ ಮೆರ್ಕಾತಿ. ಪಾಪ, ಅವನ ಗ್ರಂಥ ಅಚ್ಚಾದದ್ದು 1717ರಲ್ಲಿ. ಆ ವೇಳೆಗೆ ಅವನು ಸತ್ತು ನೂರಿಪ್ಪತ್ತು ವರ್ಷ ಕಳೆದಿತ್ತು. 1723ರಲ್ಲಿ ಫ್ರಾನ್ಸಿನ ಜುಸ್ಸಿಯೂ ಎಂಬ ವಿದ್ವಾಂಸ ಇನ್ನೊಂದು ಹೆಜ್ಜೆ ಮುಂದಿಟ್ಟ. ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ ಕಲ್ಲಿನ ಆಯುಧಗಳನ್ನು ತರಿಸಿ ಪಕ್ಕದಲ್ಲಿಟ್ಟು ತೋರಿಸಿದ. ಅವೂ ಇವೂ ಅಣ್ಣತಮ್ಮಂದಿರಂತಿದ್ದವು. ಸಿಡಿಲುಗಲ್ಲು ಕೊಡಲಿಯಾಯಿತು.

ಆದರೆ ಹೋಲಿಕೆಯೊಂದೇ ಪೂರ್ಣ ಪ್ರಮಾಣವಲ್ಲ. ಉಳಿದ ಪ್ರಮಾಣ ಬೇಕಾದವರು ನಮ್ಮ ಬಳ್ಳಾರಿಗೇ ಬರಬೇಕು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಕಂಡು ಹೆಸರಾದವರು. ಬಂಡೆಗಳ ಪರೀಕ್ಷೆಗೆಂದು ದಕ್ಷಿಣ ದೇಶವನ್ನೆಲ್ಲ ಸುತ್ತಿದ ಅವರು ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳನ್ನೂ ಹತ್ತಿದರು. ಅಲ್ಲಿದ್ದದ್ದು ಒಂದೆರಡು ಕಲ್ಲುಗಳಲ್ಲ, ಕೊಡಲಿಯ ಕಾರ್ಖಾನೆಯೇ! ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಯ ಕಲ್ಲಿನ ಪಟ್ಟೆ ಹಾದುಹೋಗಿದೆ. ಅದರ ಆಸುಪಾಸಿನಲ್ಲಿ ಒಡೆದ ಗುಂಡುಗಳು, ರಾಶಿರಾಶಿ ಚೆಕ್ಕೆಗಳು, ಕೆತ್ತುವಾಗ ಮುರಿದು ಬಿಸಾಡಿದ ಅರೆಗೊಡಲಿಗಳು; ಬಂಡೆಗಳ ಮೇಲೆ ಮಸೆದು ಮಸೆದು ಬಿದ್ದ ಉದ್ದನೆಯ ತಗ್ಗುಗಳು. ವ್ಯಾಕರಣದ ಪಾಠ ಹೇಳುವ ನನಗೆ ಇದು ರೂಪಸಿದ್ಧಿಯಂತೆ ಕಾಣುತ್ತದೆ. ಸಿದ್ಧಪದವೊಂದೇ ಕೈಯಲ್ಲಿದ್ದರೆ ಧಾತು ಯಾವುದೆಂದು ಊಹಿಸಬೇಕು. ಇಲ್ಲಿಯೋ, ಧಾತು ಪ್ರತ್ಯಯ ಆದೇಶಗಳೆಲ್ಲ ಗುಡ್ಡದ ಮೇಲೆ ಹರಡಿಕೊಂಡಿವೆ. ಈ ಕಸುಬು ಬಹಳ ಜೋರಾಗಿ ನಡೆದದ್ದು ಕ್ರಿ.ಪೂ. 1400ರಿಂದ 1200ರ ಸುಮಾರಿನಲ್ಲಿ ಎಂದು ಈಚಿನ ಸಂಶೋಧಕರು ಕಂಡುಕೊಂಡಿದ್ದಾರೆ. ಹುರುಳಿ, ಹೆಸರು ಬೆಳೆಯುತ್ತ, ದನ ಸಾಕಿಕೊಂಡಿದ್ದ ಜನ ಅವರು.

ಕಲ್ಲಿನ ಕೊಡಲಿ ನಿಜವಾಗಿ ಮರ ಕಡಿಯುತ್ತದೆಯೆ? ತರಗತಿಯಲ್ಲಿ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಇದು. ಡೆನ್ಮಾರ್ಕಿನವರು ಇದನ್ನು 1950ರ ದಶಕದ ಆರಂಭದಲ್ಲಿ ಕಾಡಿನಲ್ಲೇ ಪರೀಕ್ಷಿಸಿದರು. ವಸ್ತು ಸಂಗ್ರಹಾಲಯದಲ್ಲಿದ್ದ ಹಳೆಯ ಕಲ್ಗೊಡಲಿಗಳಿಗೇ ಮರದ ಕಾವು ಹಾಕಿ ಡ್ರಾವೆಡ್ ಎಂಬ ಕಾಡಿಗೆ ಒಯ್ದರು. ಅವು ಚಕಮಕಿ ಕಲ್ಲಿನವು, ನಮ್ಮ ಕರಿಗಲ್ಲಿನವಲ್ಲ, ಕೆಲಸ ಒಂದೇ. ಕಸುಬಿನ ಮರಕಡಿಯುವವರು ಉಕ್ಕಿನ ಕೊಡಲಿಯ ಅಭ್ಯಾಸದಂತೆ ತೋಳೆತ್ತಿ ಬೀಸಿದಾಗ ಕಲ್ಲಿನ ಬಾಯಿ ಮುರಿಯತೊಡಗಿತು. ಬಳಿಕ ಮೊಣಕೈ ಮಣಿಕಟ್ಟುಗಳಿಂದಲೇ ಚಿಕ್ಕ ಚಿಕ್ಕ ಪೆಟ್ಟು ಕೊಡುವುದನ್ನು ಕಲಿತರು. ಆಗ ಮೂವರು ಸೇರಿ ನಾಲ್ಕು ಗಂಟೆಗಳಲ್ಲಿ ಸುಮಾರು 500 ಚದರ ಮೀಟರಿನಷ್ಟು ಬರ್ಚ್ ಮರದ ಕಾಡನ್ನು ಸವರಿಹಾಕಿದರಂತೆ. ನಾಲ್ಕು ಸಾವಿರ ವರ್ಷಗಳಿಂದ ಸಾಣೆ ಕಾಣದ ಒಂದೇ ಕೊಡಲಿ ನೂರಕ್ಕೂ ಹೆಚ್ಚು ಮರಗಳನ್ನು ಉರುಳಿಸಿತು. ಆಯುಧವೇ ತನ್ನನ್ನು ಹಿಡಿಯುವ ಬಗೆಯನ್ನು ಆಳುಗಳಿಗೆ ಕಲಿಸಿತೆನ್ನಬೇಕು.

ಕಲ್ಲೆಲ್ಲ ಕೊಡಲಿಯೂ ಅಲ್ಲ. ಅಂಚನ್ನು ಎರಡು ಬದಿಗಳಿಂದಲೂ ಸಮನಾಗಿ ಮಸೆದಿದ್ದರೆ ಸಾಮಾನ್ಯವಾಗಿ ಕೊಡಲಿ. ಒಂದೇ ಬದಿಗೆ ಇಳಿಜಾರಾಗಿದ್ದರೆ ಬಾಚಿ. ನಿಮ್ಮೂರ ಬಡಗಿಯ ಕೈಗೆ ಕೊಟ್ಟು ನೋಡಿ, ನಮಗಿಂತ ಬೇಗ ಹೇಳಿಯಾನು.

ಇಷ್ಟೆಲ್ಲ ಹೇಳುವ ನಾನು ಒಮ್ಮೆ ಎಡವಿದವನು. ಇಪ್ಪತ್ತು ವರ್ಷಗಳ ಹಿಂದೆ ಹಳ್ಳಿಯ ಹುಡುಗನೊಬ್ಬ ಇಂಥದೊಂದು ಕಲ್ಲನ್ನು ಚೀಲದಲ್ಲಿ ತಂದು, "ಸಾರ್, ಇದೇನು?" ಎಂದ. ನಾನು ಸಂಧಿಪ್ರಕರಣದ ಮಧ್ಯದಲ್ಲಿದ್ದೆ. "ಹೊಳೆಗಲ್ಲು ಕಣಯ್ಯ, ಕೂತುಕೋ" ಎಂದುಬಿಟ್ಟೆ. ಅವನು ಅದನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದ. ವರ್ಷಗಟ್ಟಲೆ ಅದು ಉತ್ತರ ಪತ್ರಿಕೆಗಳು ಹಾರದಂತೆ ತಡೆಯುತ್ತ ಕುಳಿತಿತ್ತು. ಮುಂದೆ ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಸಂಗ್ರಹಾಲಯಕ್ಕೆ ಹೋದಾಗ ಗಾಜಿನೊಳಗೆ ನನ್ನ ಮೇಜಿನ ಕಲ್ಲೇ ಸಾಲಾಗಿ ಮಲಗಿತ್ತು. ಹೊಳೆ ಕಲ್ಲನ್ನು ಎಲ್ಲ ಕಡೆಯೂ ಉರುಟು ಮಾಡುತ್ತದೆ. ಒಂದೇ ಅಂಚನ್ನು ಹರಿತ ಮಾಡುವುದಿಲ್ಲ. ಅಷ್ಟೂ ನನಗೆ ಹೊಳೆದಿರಲಿಲ್ಲ.

ಊರಿಗೆ ಮರಳಿ ಹುಡುಗನನ್ನು ವಿಚಾರಿಸಿದೆ. ದುಡಿಮೆಗೆಂದು ಮನೆಯವರೆಲ್ಲ ಬೇರೆ ಸೀಮೆಗೆ ಹೋಗಿದ್ದರು. ಯಾವ ಹೊಲ, ಎಷ್ಟು ಆಳ, ಜೊತೆಯಲ್ಲಿ ಮಡಕೆಯ ಚೂರುಗಳಿದ್ದವೆ, ಬೂದಿಯಿತ್ತೆ, ಚೆಕ್ಕೆಗಳಿದ್ದವೆ? ಹೇಳಬಲ್ಲವನು ಅವನೊಬ್ಬನೇ. ಕಲ್ಲು ಈಗ ಶಾಲೆಯ ಕಪಾಟಿನಲ್ಲಿದೆ. ಪಕ್ಕದ ಚೀಟಿಯಲ್ಲಿ 'ನವಶಿಲಾಯುಗದ ಕೊಡಲಿ' ಎಂದು ದುಂಡಗೆ ಬರೆದಿದ್ದೇನೆ. ಅದರ ಕೆಳಗೆ 'ದೊರೆತ ಸ್ಥಳ' ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.